ನಿಕಾಲಿ ಸುತ್ತು

ಉತ್ತರ ಕರ್ನಾಟಕದ ಊರುಗಳಲ್ಲಿ ಜಾತ್ರೆ ಎಂದರೆ ತೇರು, ತೆಂಗಿನಕಾಯಿ, ಬೆಂಡು-ಬತ್ತಾಸುಗಳಷ್ಟೇ ಅಲ್ಲ, ಕುಸ್ತಿಯೂ ಬೇಕು. ಜಾತ್ರೆ ಇನ್ನೂ ವಾರವಿರುವಾಗಲೇ ಗೋಡೆಗಳ ಮೇಲೆ ‘ಜಂಗೀ ನಿಕಾಲಿ ಕುಸ್ತಿಗಳು’ ಎಂಬ ದಪ್ಪಕ್ಷರದ ಭಿತ್ತಿಪತ್ರಗಳು ಕಾಣಿಸಿಕೊಳ್ಳುತ್ತವೆ. ಇಲ್ಲಿ ‘ನಿಕಾಲಿ’ ಎಂಬ ಮಾತಿಗೆ ಒಂದು ಖಚಿತವಾದ ಅರ್ಥವುಂಟು. ಇಬ್ಬರು ಪೈಲ್ವಾನರಲ್ಲಿ ಒಬ್ಬನ ಬೆನ್ನು ಮಣ್ಣಿಗೆ ತಾಗಿ, ಗೆದ್ದವನಾರು ಸೋತವನಾರು ಎಂಬುದು ತೀರ್ಮಾನವಾಗುವ ತನಕ ನಡೆಯುವ ಕುಸ್ತಿಯೇ ನಿಕಾಲಿ ಕುಸ್ತಿ. ಅಲ್ಲಿ ‘ಇಬ್ಬರೂ ಸಮ’ ಎಂದು ಕೈಬಿಡುವುದನ್ನು ಸುತ್ತ ನೆರೆದ ಜನ ಒಪ್ಪುವುದಿಲ್ಲ.

ಪ್ರಪಂಚದ ಅನೇಕ ದೊಡ್ಡ ಪಂದ್ಯಾವಳಿಗಳು ಈ ನಿಕಾಲಿ ತತ್ತ್ವದ ಮೇಲೆಯೇ ನಿಂತಿವೆ. ಆಟಗಾರರು ಅದನ್ನು ‘ನಾಕ್‌ಔಟ್’ ಎಂದು ಕರೆಯುತ್ತಾರೆ. ಗೆದ್ದ ತಂಡ ಮುಂದಿನ ಸುತ್ತಿಗೆ ಹೋಗುತ್ತದೆ. ಸೋತ ತಂಡ ಆ ಕ್ಷಣದಲ್ಲಿಯೇ ಪಂದ್ಯಾವಳಿಯಿಂದ ಹೊರಬೀಳುತ್ತದೆ. ಕೇಳಲು ಇದು ಬಹಳ ಸರಳವಾದ ನಿಯಮ. ಆದರೆ ಈ ಸರಳ ನಿಯಮದ ಹಿಂದೆ ಒಂದು ಕಠಿಣವಾದ ಪ್ರಶ್ನೆ ಅಡಗಿದೆ. ಎರಡು ತಂಡಗಳು ಬಲದಲ್ಲಿ ಸಮನಾಗಿರುವಾಗ ಯಾರನ್ನು ಹೊರಗೆ ಕಳಿಸಬೇಕು? ಹೇಗೆ ಕಳಿಸಿದರೆ ಅದು ನ್ಯಾಯ? ಈ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತ ಕಾಲ್ಚೆಂಡಾಟದ ಜಗತ್ತು ಬಹಳ ದೂರ ನಡೆದು ಬಂದಿದೆ. ಆ ನಡಿಗೆಯ ಕತೆಯನ್ನು ನಮ್ಮ ಊರಿನ ಅಂಗಳದಿಂದಲೇ ಆರಂಭಿಸೋಣ.

ರೋಣ, ನರಗುಂದ ಮತ್ತು ಗಜೇಂದ್ರಗಡ ಗದಗ ಜಿಲ್ಲೆಯ ಮೂರು ತಾಲ್ಲೂಕುಗಳು. ಈ ಸೀಮೆಯ ಬಹುಭಾಗ ಎರೆಭೂಮಿ. ಬೇಸಿಗೆಯಲ್ಲಿ ಈ ನೆಲ ಅಂಗೈ ಅಗಲ ಬಿರಿಯುತ್ತದೆ. ಮಳೆಗಾಲದಲ್ಲಿ ಹೆಜ್ಜೆಗೊಂದು ಸೇರು ಮಣ್ಣು ಕಾಲಿಗೆ ಮೆತ್ತಿಕೊಳ್ಳುತ್ತದೆ. ಶಾಲೆಗಳ ತಾಲ್ಲೂಕು ಮಟ್ಟದ ಕ್ರೀಡಾಕೂಟಗಳು ನಡೆಯುವುದು ಸಾಮಾನ್ಯವಾಗಿ ಆ ಮಳೆಗಾಲದಲ್ಲಿಯೇ. ಬೆಳಗಿನ ಬಸ್ಸಿಗೆ ಬುತ್ತಿ ಕಟ್ಟಿಕೊಂಡು ಹಳ್ಳಿಗಳಿಂದ ತಂಡಗಳು ಬಂದಿಳಿಯುತ್ತವೆ. ದೈಹಿಕ ಶಿಕ್ಷಕರು ಶಾಲೆಗಳ ಹೆಸರುಗಳನ್ನು ಚೀಟಿಗಳಲ್ಲಿ ಬರೆದು, ಮಡಿಚಿ, ಒಂದೊಂದಾಗಿ ಎತ್ತುತ್ತಾರೆ. ಯಾರಿಗೆ ಯಾರು ಎದುರು ಎಂಬುದು ಹೀಗೆ ಗೊತ್ತಾಗುತ್ತದೆ. ಹತ್ತು ಗಂಟೆಗೆ ಆರಂಭವಾದ ಆಟ ಹನ್ನೊಂದಕ್ಕೆ ಮುಗಿಯುವಷ್ಟರಲ್ಲಿ ಒಂದು ತಂಡದ ಆ ವರ್ಷದ ಆಸೆಯೆಲ್ಲ ಮುಗಿದಿರುತ್ತದೆ. ಕಟ್ಟಿ ತಂದ ಬುತ್ತಿಯನ್ನು ಇನ್ನೂ ಬಿಚ್ಚಿರುವುದಿಲ್ಲ. ಆದರೆ ಆಡಲು ಮುಂದೆ ಪಂದ್ಯವೇ ಇಲ್ಲ. ನಿಕಾಲಿ ಸುತ್ತಿನ ಕಹಿ ಎಂಥದೆಂಬುದನ್ನು ಆ ಬೇವಿನ ಮರದ ನೆರಳಿನಲ್ಲಿ ಮೌನವಾಗಿ ಕುಳಿತ ಬಾಲಕರಿಗೆ ಯಾರೂ ವಿವರಿಸಬೇಕಾಗಿಲ್ಲ.

ಇಷ್ಟು ಕಠೋರವಾದ ಪದ್ಧತಿಯನ್ನು ಏಕೆ ಇಟ್ಟುಕೊಂಡಿದ್ದಾರೆ? ಇದಕ್ಕೆ ಗಣಿತವೇ ಉತ್ತರ ಹೇಳುತ್ತದೆ. ಪ್ರತಿಯೊಂದು ಪಂದ್ಯವೂ ಒಂದು ತಂಡವನ್ನು, ಒಂದನ್ನೇ, ಹೊರಗೆ ಕಳಿಸುತ್ತದೆ. ಕೊನೆಗೆ ಉಳಿಯುವುದು ಒಂದೇ ತಂಡ. ಆದುದರಿಂದ 16 ತಂಡಗಳಿದ್ದರೆ 15 ಪಂದ್ಯಗಳು ಸಾಕು. 32 ತಂಡಗಳಿದ್ದರೆ 31. ಅದೇ 16 ತಂಡಗಳು ಪ್ರತಿಯೊಂದೂ ಪ್ರತಿಯೊಂದರೊಡನೆ ಒಮ್ಮೆ ಆಡಬೇಕೆಂದರೆ 120 ಪಂದ್ಯಗಳು ಬೇಕಾಗುತ್ತವೆ. ಎರಡು ದಿನಗಳಲ್ಲಿ ಮುಗಿಸಬೇಕಾದ ಕ್ರೀಡಾಕೂಟಕ್ಕೆ ಇದು ಸಾಧ್ಯವಾದ ಮಾತಲ್ಲ. ತಂಡಗಳ ಸಂಖ್ಯೆ 8, 16, 32 ಎಂಬಂತೆ ಸರಿಯಾಗಿ ಅರ್ಧವಾಗುತ್ತ ಹೋಗದಿದ್ದರೆ ಕೆಲವು ತಂಡಗಳಿಗೆ ಮೊದಲ ಸುತ್ತಿನಲ್ಲಿ ಆಟವಿಲ್ಲದೆಯೇ ಮುಂದಕ್ಕೆ ಹೋಗುವ ಅವಕಾಶ ಕೊಡುತ್ತಾರೆ. ಇದಕ್ಕೆ ‘ಬೈ’ ಎಂದು ಹೆಸರು. 11 ತಂಡಗಳು ಬಂದಿವೆ ಎನ್ನೋಣ. 5 ತಂಡಗಳಿಗೆ ಬೈ ಕೊಟ್ಟರೆ ಉಳಿದ 6 ತಂಡಗಳು 3 ಪಂದ್ಯಗಳನ್ನು ಆಡುತ್ತವೆ. ಗೆದ್ದ ಮೂರು ಮತ್ತು ಬೈ ಪಡೆದ ಐದು ಸೇರಿ ಎಂಟಾಗುತ್ತವೆ. ಅಲ್ಲಿಂದ ಮುಂದೆ ಲೆಕ್ಕ ಸರಾಗ.

ಈ ಪದ್ಧತಿಯನ್ನು ಒಂದು ಖಂಡದ ವಿಸ್ತಾರಕ್ಕೆ ಬೆಳೆಸಿದವರು ಯೂರೋಪಿನ ಜನ. ‘ಲೆಕಿಪ್’ ಎಂಬ ಫ್ರೆಂಚ್ ಕ್ರೀಡಾಪತ್ರಿಕೆಯ ಸಂಪಾದಕರಾಗಿದ್ದ ಗಾಬ್ರಿಯೆಲ್ ಹಾನೊ ಎಂಬವರು, ಬೇರೆ ಬೇರೆ ದೇಶಗಳ ಶ್ರೇಷ್ಠ ಕ್ಲಬ್ಬುಗಳು ಪರಸ್ಪರ ಆಡಿ ತಮ್ಮ ಬಲಾಬಲವನ್ನು ನಿರ್ಣಯಿಸಿಕೊಳ್ಳಬೇಕೆಂದು ವಾದಿಸಿದರು. ಅದರ ಫಲವಾಗಿ 1955ರಲ್ಲಿ 16 ತಂಡಗಳ ಯೂರೋಪಿಯನ್ ಕಪ್ ಆರಂಭವಾಯಿತು. ಮೊದಲ ಪಂದ್ಯ ನಡೆದುದು 1955ರ ಸೆಪ್ಟೆಂಬರ್ 4ರಂದು, ಪೋರ್ಚುಗಲ್ಲಿನ ಲಿಸ್ಬನ್ ನಗರದಲ್ಲಿ. ಅಲ್ಲಿಯ ಸ್ಪೋರ್ಟಿಂಗ್ ತಂಡವೂ ಯುಗೋಸ್ಲಾವಿಯದ ಪಾರ್ಟಿಜಾನ್ ತಂಡವೂ 3-3 ಗೋಲುಗಳಿಂದ ಸಮನಾದವು. ಎರಡನೆಯ ಪಂದ್ಯ ಬೆಲ್‌ಗ್ರೇಡಿನಲ್ಲಿ ನಡೆದು, ಪಾರ್ಟಿಜಾನ್ 5-2ರಿಂದ ಗೆದ್ದಿತು. ಸ್ಪೋರ್ಟಿಂಗ್ ಮನೆಗೆ ಮರಳಿತು.

ಒಂದೇ ಸುತ್ತಿನಲ್ಲಿ ಅದೇ ಎರಡು ತಂಡಗಳಿಗೆ ಎರಡು ಪಂದ್ಯಗಳನ್ನು ಇಟ್ಟುದರಲ್ಲಿ ಒಂದು ವಿವೇಕವಿದೆ. ಪರಿಚಿತ ನೆಲ, ಪರಿಚಿತ ಗಾಳಿ, ಹುರಿದುಂಬಿಸುವ ಸ್ವಂತ ಊರಿನ ಜನ, ಇವೆಲ್ಲವೂ ಆಟಗಾರನಿಗೆ ಬಲ ಕೊಡುತ್ತವೆ. ನರಗುಂದದ ಗುಡ್ಡದ ಬುಡದಲ್ಲಿ ಆಡಿ ಬೆಳೆದ ತಂಡಕ್ಕೆ ಅಲ್ಲಿಯ ನೆಲದ ಏರುತಗ್ಗುಗಳು ಅಂಗೈಗೆರೆಯಂತೆ ಗೊತ್ತು. ಗಜೇಂದ್ರಗಡದಿಂದ ಬಂದ ತಂಡಕ್ಕೆ ಗೊತ್ತಿಲ್ಲ. ಆದುದರಿಂದ ಒಮ್ಮೆ ನೀನು ಅತಿಥಿ, ನಾನು ಅತಿಥೇಯ. ಮತ್ತೊಮ್ಮೆ ನಾನು ಅತಿಥಿ, ನೀನು ಅತಿಥೇಯ. ಎರಡೂ ಪಂದ್ಯಗಳ ಗೋಲುಗಳನ್ನು ಕೂಡಿಸಿ ಯಾರ ಮೊತ್ತ ಹೆಚ್ಚೋ ಅವರು ಮುಂದಿನ ಸುತ್ತಿಗೆ ಹೋಗುತ್ತಾರೆ. ನೆಲದ ಅನುಕೂಲವನ್ನು ಇಬ್ಬರಿಗೂ ಸಮನಾಗಿ ಹಂಚುವ ಈ ಏರ್ಪಾಟು ನ್ಯಾಯದ ಕಡೆಗೆ ಇಟ್ಟ ಮೊದಲ ಹೆಜ್ಜೆ.

ಆದರೆ ಎರಡೂ ಪಂದ್ಯಗಳ ಮೊತ್ತವೂ ಸಮನಾದರೆ? 1965ರ ಮಾರ್ಚ್ ತಿಂಗಳಿನಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ತಂಡಕ್ಕೂ ಜರ್ಮನಿಯ ಕಲೋನ್ ತಂಡಕ್ಕೂ ಇಂಥ ಸಂಕಟ ಒದಗಿತು. ಮೊದಲ ಪಂದ್ಯ 0-0. ಎರಡನೆಯದೂ 0-0. ಯಾರ ಊರೂ ಅಲ್ಲದ ಹಾಲೆಂಡಿನ ರಾಟರ್‌ಡಾಮ್‌ನಲ್ಲಿ ಮೂರನೆಯ ಪಂದ್ಯವನ್ನು ಆಡಿಸಿದರು, ಅದು 2-2. ಕೊನೆಗೆ ತೀರ್ಪುಗಾರನು ಒಂದು ಕಡೆ ಕೆಂಪು, ಇನ್ನೊಂದು ಕಡೆ ಬಿಳಿ ಬಣ್ಣವಿದ್ದ ಬಿಲ್ಲೆಯೊಂದನ್ನು ಮೇಲಕ್ಕೆ ಚಿಮ್ಮಿದನು. ಬಿಲ್ಲೆ ಕೆಳಗೆ ಬಿದ್ದು ಕೆಸರಿನಲ್ಲಿ ನೆಟ್ಟಗೆ ನಿಂತುಬಿಟ್ಟಿತು! ಅದನ್ನು ಎತ್ತಿ ಮತ್ತೊಮ್ಮೆ ಚಿಮ್ಮಬೇಕಾಯಿತು. ಈ ಸಲ ಅದೃಷ್ಟ ಲಿವರ್‌ಪೂಲಿನ ಪಾಲಾಯಿತು. ಐದು ಗಂಟೆಗಳ ಕಾಲ ಆಡಿದ ಆಟ ನಿರ್ಣಯಿಸಲಾರದುದನ್ನು ಒಂದು ಬಿಲ್ಲೆ ಕ್ಷಣಮಾತ್ರದಲ್ಲಿ ನಿರ್ಣಯಿಸಿತು.

1969ರ ನವೆಂಬರಿನಲ್ಲಿ ಇದಕ್ಕಿಂತಲೂ ಹೃದಯ ಹಿಂಡುವ ಘಟನೆ ನಡೆಯಿತು. ಅದು ಯೂರೋಪಿಯನ್ ಕಪ್ಪಿನ ಎರಡನೆಯ ಸುತ್ತು. ಸ್ಕಾಟ್‌ಲೆಂಡಿನ ಸೆಲ್ಟಿಕ್ ತಂಡ ತನ್ನ ಊರಾದ ಗ್ಲಾಸ್ಗೋದಲ್ಲಿ ಪೋರ್ಚುಗಲ್ಲಿನ ಬೆನ್ಫಿಕ ತಂಡವನ್ನು 3-0ರಿಂದ ಸೋಲಿಸಿತ್ತು. ಲಿಸ್ಬನ್ನಿನಲ್ಲಿ ಬೆನ್ಫಿಕ ಛಲದಿಂದ ಆಡಿ, ಅದೇ 3-0ರಿಂದ ಸೇಡು ತೀರಿಸಿಕೊಂಡಿತು. ಹೆಚ್ಚುವರಿ ಅವಧಿಯಲ್ಲಿ ಯಾರೂ ಗೋಲು ಹೊಡೆಯಲಿಲ್ಲ. ತೀರ್ಪುಗಾರನು ನಾಣ್ಯವನ್ನು ಚಿಮ್ಮಿದನು. ಸೆಲ್ಟಿಕ್ ನಾಯಕ ಬಿಲ್ಲಿ ಮೆಕ್‌ನೀಲ್ ಕೇಳಿದ ಮುಖವೇ ಬಿದ್ದಿತು. ಸೆಲ್ಟಿಕ್ ಮುಂದೆ ಸಾಗಿ 1970ರ ಅಂತಿಮ ಪಂದ್ಯದವರೆಗೂ ಹೋಯಿತು. ಮೂರು ಗೋಲುಗಳ ಹಿನ್ನಡೆಯನ್ನು ತುಂಬಿಕೊಟ್ಟ ಬೆನ್ಫಿಕ ಎರಡನೆಯ ಸುತ್ತಿನಲ್ಲಿಯೇ ಹೊರಬಿತ್ತು. ಅದು ಆಟದಲ್ಲಿ ಸೋತಿರಲಿಲ್ಲ. ಕೇವಲ ನಾಣ್ಯದಲ್ಲಿ ಸೋತಿತ್ತು.

ಆಟಗಾರನು ತನ್ನ ತಪ್ಪಿನಿಂದ ಸೋತರೆ ಆ ಸೋಲನ್ನು ಸಹಿಸಬಲ್ಲನು. ಎದುರಾಳಿಯ ಹೆಚ್ಚಿನ ಕೌಶಲದಿಂದ ಸೋತರೆ ತಲೆಬಾಗಬಲ್ಲನು. ಆದರೆ ನಾಣ್ಯದಿಂದ ಸೋತವನು ಏನನ್ನು ಕಲಿಯಬೇಕು? ಮರುದಿನ ಯಾವ ಅಭ್ಯಾಸ ಮಾಡಬೇಕು? ಈ ಪ್ರಶ್ನೆಯನ್ನು ತಳ್ಳಿಹಾಕಲು ಸಾಧ್ಯವಾಗಲಿಲ್ಲ. 1970ರಲ್ಲಿ ಕಾಲ್ಚೆಂಡಾಟದ ನಿಯಮಗಳನ್ನು ರೂಪಿಸುವ ಅಂತರರಾಷ್ಟ್ರೀಯ ಮಂಡಲಿಯು ಪೆನಾಲ್ಟಿ ಹೊಡೆತಗಳ ಪದ್ಧತಿಯನ್ನು ಅಂಗೀಕರಿಸಿತು. ಪ್ರತಿ ತಂಡವೂ ಗೋಲಿನಿಂದ 12 ಗಜ ದೂರದಲ್ಲಿ ಚೆಂಡನ್ನಿಟ್ಟು, ಗೋಲ್‌ಕೀಪರನೊಬ್ಬನನ್ನೇ ಎದುರಿಸಿ, ಐದು ಹೊಡೆತಗಳನ್ನು ಹೊಡೆಯಬೇಕು. ಆಗಲೂ ಸಮನಾದರೆ ಒಂದೊಂದೇ ಹೊಡೆತದಿಂದ ಮುಂದುವರಿಯಬೇಕು. ಅದೇ ವರ್ಷದ ನವೆಂಬರಿನಲ್ಲಿ, ಯೂರೋಪಿಯನ್ ಕಪ್ಪಿನ ಎರಡನೆಯ ಸುತ್ತಿನಲ್ಲಿ, ಇಂಗ್ಲೆಂಡಿನ ಎವರ್ಟನ್ ತಂಡ ಜರ್ಮನಿಯ ಬೊರುಸಿಯ ಮೋನ್‌ಶೆನ್‌ಗ್ಲಾಡ್‌ಬಾಖ್ ತಂಡವನ್ನು ಈ ರೀತಿ 4-3 ಹೊಡೆತಗಳಿಂದ ಸೋಲಿಸಿತು. ಹಿಂದಿನ ವರ್ಷ ಬೆನ್ಫಿಕ ನಾಣ್ಯದ ಮುಂದೆ ನಿಂತಿದ್ದ ಸುತ್ತಿನಲ್ಲಿಯೇ ಈ ವರ್ಷ ಆಟಗಾರರು ತಮ್ಮ ಕಾಲುಗಳ ಮೇಲೆ ಭರವಸೆಯಿಟ್ಟು ನಿಂತರು. ಪೆನಾಲ್ಟಿಯೂ ಪೂರ್ಣ ನ್ಯಾಯವಲ್ಲ ಎನ್ನುವವರುಂಟು. ಆದರೆ ಅಲ್ಲಿ ನಿರ್ಣಯ ಮನುಷ್ಯನ ಕೈಯಲ್ಲಿ, ಅಂದರೆ ಕಾಲಿನಲ್ಲಿ, ಇದೆ.

ನಿಯಮಗಳು ಹೀಗೆ ಕಾಲಕಾಲಕ್ಕೆ ತಿದ್ದುಪಡಿಯಾಗುತ್ತಲೇ ಬಂದಿವೆ. ಪರಸ್ಥಳದಲ್ಲಿ ಆಡುವ ತಂಡ ಕೇವಲ ರಕ್ಷಣೆಯಲ್ಲಿ ತೊಡಗಿ ಆಟವನ್ನು ಸಪ್ಪೆ ಮಾಡಬಾರದೆಂದು, ಮೊತ್ತ ಸಮನಾದಾಗ ಎದುರಾಳಿಯ ನೆಲದಲ್ಲಿ ಹೆಚ್ಚು ಗೋಲು ಹೊಡೆದವರೇ ಗೆದ್ದರೆಂಬ ನಿಯಮವನ್ನು ಯೂರೋಪಿನಲ್ಲಿ 1965ರಲ್ಲಿ ಆರಂಭಿಸಿದರು. ಮುಂದೆ ಅದೇ ನಿಯಮದಿಂದ ಅತಿಥೇಯ ತಂಡವೇ ಅಂಜುತ್ತ ಆಡತೊಡಗಿತೆಂಬ ಆಕ್ಷೇಪ ಬಂದಿತು. 2021ರಲ್ಲಿ ಯೂರೋಪಿನ ಕಾಲ್ಚೆಂಡಾಟ ಸಂಸ್ಥೆ ಅದನ್ನು ಕೈಬಿಟ್ಟಿತು. ಒಂದು ಕಾಲದ ಔಷಧ ಇನ್ನೊಂದು ಕಾಲಕ್ಕೆ ಅಪಥ್ಯವಾಗಬಹುದು ಎಂಬುದಕ್ಕೆ ಇದೊಂದು ನಿದರ್ಶನ.

ಹಳೆಯ ಯೂರೋಪಿಯನ್ ಕಪ್ 1992ರಿಂದ ಚಾಂಪಿಯನ್ಸ್ ಲೀಗ್ ಎಂಬ ಹೆಸರು ಪಡೆದಿದೆ. 2024ರಿಂದ ಅದರ ಮುಖ್ಯ ಹಂತದಲ್ಲಿ 36 ತಂಡಗಳಿವೆ. ಮೊದಲ ಹಂತದ ಪಂದ್ಯಗಳು ಮುಗಿದ ಮೇಲೆ ಅಗ್ರಸ್ಥಾನದ 8 ತಂಡಗಳು ನೇರವಾಗಿ ಕೊನೆಯ ಹದಿನಾರರ ಸುತ್ತಿಗೆ ಹೋಗುತ್ತವೆ. ಇದು ನಾವು ಮೇಲೆ ಕಂಡ ಬೈಗೆ ಸಮಾನವಾದುದು. 9ರಿಂದ 24ರವರೆಗಿನ 16 ತಂಡಗಳು ಒಂದು ನಿಕಾಲಿ ಸುತ್ತನ್ನು ಆಡಬೇಕು. ಈ ಬಾಗಿಲು ಎಷ್ಟು ಇಕ್ಕಟ್ಟಾದುದು ಎಂಬುದು 2025ರ ಫೆಬ್ರವರಿಯಲ್ಲಿ ತಿಳಿದುಬಂದಿತು. 2023ರ ವಿಜೇತ ಮ್ಯಾಂಚೆಸ್ಟರ್ ಸಿಟಿಯೂ 2024ರ ವಿಜೇತ ರಿಯಲ್ ಮ್ಯಾಡ್ರಿಡ್ಡೂ ಈ ಆರಂಭದ ಸುತ್ತಿನಲ್ಲಿಯೇ ಎದುರುಬದುರಾದವು. ಮ್ಯಾಡ್ರಿಡ್ ಎರಡೂ ಪಂದ್ಯಗಳನ್ನು ಗೆದ್ದು, 6-3ರ ಮೊತ್ತದಿಂದ ಮುಂದೆ ನಡೆಯಿತು. ಹಿಂದಿನ ಕೀರ್ತಿ ಯಾರನ್ನೂ ಕಾಯಲಾರದು ಎಂಬುದು ನಿಕಾಲಿ ಸುತ್ತಿನ ಮೊದಲ ಪಾಠ.

ಇದೆಲ್ಲ ದೂರದ ದೇಶಗಳ ಮಾತಾಯಿತು ಎಂದು ಭಾವಿಸಬೇಕಾಗಿಲ್ಲ. ಕನ್ನಡ ನಾಡಿನ ಕಾಲ್ಚೆಂಡಾಟಕ್ಕೂ ಇಂಥ ಇತಿಹಾಸವಿದೆ. ಮುಂಬಯಿಯಲ್ಲಿ 1891ರಲ್ಲಿ ಆರಂಭವಾದ ರೋವರ್ಸ್ ಕಪ್ಪನ್ನು ಬಹುಕಾಲ ಬ್ರಿಟಿಷ್ ಸೇನೆಯ ತಂಡಗಳೇ ಗೆಲ್ಲುತ್ತಿದ್ದವು. 1937ರಲ್ಲಿ ಅದನ್ನು ಗೆದ್ದ ಮೊದಲ ಭಾರತೀಯ ತಂಡವೆಂದರೆ ಬೆಂಗಳೂರಿನ ‘ಬ್ಯಾಂಗಲೋರ್ ಮುಸ್ಲಿಮ್ಸ್’. ಮರುವರ್ಷವೂ ಆ ತಂಡವೇ ಗೆದ್ದಿತು.

ನಮ್ಮ ಕಾಲದಲ್ಲಿ ಆ ಪರಂಪರೆಯನ್ನು ಖಂಡದ ಮಟ್ಟಕ್ಕೆ ಒಯ್ದುದು 2013ರಲ್ಲಿ ಸ್ಥಾಪನೆಯಾದ ಬೆಂಗಳೂರು ಫುಟ್‌ಬಾಲ್ ಕ್ಲಬ್. ತನ್ನ ಮೊದಲ ವರ್ಷದಲ್ಲಿಯೇ ಅದು ರಾಷ್ಟ್ರದ ಐ-ಲೀಗ್ ಪ್ರಶಸ್ತಿಯನ್ನು ಗೆದ್ದಿತು. ಆಗ ಏಷ್ಯಾದ ಕ್ಲಬ್ಬುಗಳಿಗಾಗಿ ಎ.ಎಫ್.ಸಿ. ಕಪ್ ಎಂಬ ಪಂದ್ಯಾವಳಿ ನಡೆಯುತ್ತಿತ್ತು. 2015ರಲ್ಲಿ ಬೆಂಗಳೂರು ತಂಡ ಗುಂಪಿನ ಹಂತವನ್ನು ದಾಟಿ, ಮೊದಲ ನಿಕಾಲಿ ಸುತ್ತಾದ ಕೊನೆಯ ಹದಿನಾರಕ್ಕೆ ಬಂದಿತು. ಈ ಸುತ್ತಿನಲ್ಲಿ ಎರಡು ಪಂದ್ಯಗಳ ಅನುಕೂಲವಿರಲಿಲ್ಲ, ಒಂದೇ ಪಂದ್ಯ. ಎದುರಾಳಿ ಹಾಂಗ್‌ಕಾಂಗಿನ ಸೌತ್ ಚೀನಾ ತಂಡ. ಬೆಂಗಳೂರು ಸೋತಿತು, ಅಲ್ಲಿಗೆ ಆ ವರ್ಷದ ಪ್ರಯಾಣ ಮುಗಿಯಿತು.

ಮರುವರ್ಷ, 2016ರ ಮೇ ತಿಂಗಳಿನಲ್ಲಿ, ಬೆಂಗಳೂರು ತಂಡ ಅದೇ ಬಾಗಿಲಿಗೆ ಮತ್ತೆ ಬಂದು ನಿಂತಿತು. ಈ ಸಲವೂ ಒಂದೇ ಪಂದ್ಯ. ಎದುರಾಳಿ ಮತ್ತೆ ಹಾಂಗ್‌ಕಾಂಗಿನದೇ ಆದ ಕಿಚ್ಚಿ ಎಂಬ ತಂಡ. ಗುಂಪಿನಲ್ಲಿ ಎರಡನೆಯ ಸ್ಥಾನ ಪಡೆದಿದ್ದುದರಿಂದ ಎದುರಾಳಿಯ ಊರಿಗೇ ಹೋಗಿ ಆಡಬೇಕಾಗಿತ್ತು. ಸೋತರೆ ಹಿಂದಿನ ವರ್ಷದ ಕತೆಯೇ ಪುನರಾವರ್ತನೆ. ಬೆಂಗಳೂರು 3-2 ಗೋಲುಗಳಿಂದ ಗೆದ್ದಿತು. ಒಂದು ಗೋಲಿನ ಅಂತರ! ಆ ಒಂದು ಗೋಲಿನಿಂದ ತೆರೆದ ಬಾಗಿಲಿನ ಆಚೆಗೆ ದೀರ್ಘವಾದ ದಾರಿಯಿತ್ತು. ಸಿಂಗಪುರದ ಟ್ಯಾಂಪಿನೀಸ್ ರೋವರ್ಸ್ ತಂಡವನ್ನು ಬೆಂಗಳೂರಿನಲ್ಲಿ 1-0ರಿಂದ ಸೋಲಿಸಿ, ಸಿಂಗಪುರದಲ್ಲಿ 0-0ಯಿಂದ ಸಮ ಮಾಡಿಕೊಂಡಿತು. ಉಪಾಂತ್ಯದಲ್ಲಿ ಎದುರಾದುದು ಹಿಂದಿನ ವರ್ಷದ ವಿಜೇತ, ಮಲೇಷ್ಯಾದ ಜೋಹೋರ್ ತಂಡ. ಅವರ ನೆಲದಲ್ಲಿ 1-1. ಅಕ್ಟೋಬರ್ 19ರಂದು ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಜೋಹೋರ್ ಮೊದಲು ಗೋಲು ಹೊಡೆಯಿತು. ಬೆಂಗಳೂರು ಎದೆಗುಂದಲಿಲ್ಲ. ನಾಯಕ ಸುನಿಲ್ ಛೆಟ್ರಿ ಎರಡು ಗೋಲುಗಳನ್ನೂ ಹುವಾನನ್ ಒಂದು ಗೋಲನ್ನೂ ಹೊಡೆದು 3-1ರ ಜಯ ತಂದರು. ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯವನ್ನು ಮುಟ್ಟಿದ ಮೊದಲ ಭಾರತೀಯ ಕ್ಲಬ್ ಎಂಬ ಗೌರವ ಬೆಂಗಳೂರಿಗೆ ಸಂದಿತು. ನವೆಂಬರ್ 5ರಂದು ದೋಹಾದಲ್ಲಿ ನಡೆದ ಅಂತಿಮ ಪಂದ್ಯವನ್ನು ಇರಾಕಿನ ಅಲ್-ಕುವಾ ಅಲ್-ಜವಿಯಾ ತಂಡ 1-0ಯಿಂದ ಗೆದ್ದಿತು.

ಈ ಎರಡು ವರ್ಷಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. 2015ರ ಮೇ ತಿಂಗಳಿನಲ್ಲಿ ನಿಕಾಲಿ ಸುತ್ತು ಬೆಂಗಳೂರನ್ನು ಆ ವರ್ಷದ ಪಂದ್ಯಾವಳಿಯಿಂದ ಹೊರಗೆ ಹಾಕಿತ್ತು. ಆಟದಿಂದ ಹೊರಗೆ ಹಾಕಿರಲಿಲ್ಲ. ಸೋಲು ಆಟದಿಂದಲೇ ಬಂದಿತ್ತಾದ್ದರಿಂದ ಅದಕ್ಕೆ ಉತ್ತರವನ್ನೂ ಆಟದಿಂದಲೇ ಕೊಡಲು ಸಾಧ್ಯವಾಯಿತು. ನಾಣ್ಯವನ್ನು ಕೈಬಿಟ್ಟು ಕಾಲಿನ ಹೊಡೆತವನ್ನು ಒಪ್ಪಿಕೊಂಡವರ ವಿವೇಕ ನಮಗೆ ಅರ್ಥವಾಗುವುದು ಇಲ್ಲಿಯೇ. ಸ್ಪರ್ಧೆಯಲ್ಲಿ ಒಬ್ಬರು ಸೋಲಲೇಬೇಕು, ಅದನ್ನು ತಪ್ಪಿಸಲಾಗದು. ಆದರೆ ಸೋತವನು ಮನೆಗೆ ಹೋಗುವಾಗ ‘ನಾನು ಎಲ್ಲಿ ತಪ್ಪಿದೆ?’ ಎಂದು ಕೇಳಿಕೊಳ್ಳುವಂತಿರಬೇಕು. ಆ ಪ್ರಶ್ನೆಗೆ ಉತ್ತರ ದೊರೆಯುವಂಥ ಸೋಲು ಶಿಕ್ಷಣ. ಉತ್ತರವೇ ಇಲ್ಲದ ಸೋಲು ಬರಿಯ ದುಃಖ.

ಈಗ ರೋಣದ ಮೈದಾನಕ್ಕೆ ಮರಳೋಣ. ಹನ್ನೊಂದು ಗಂಟೆಗೆ ಸೋತ ತಂಡ ಇನ್ನೂ ಬೇವಿನ ಮರದ ಕೆಳಗೆ ಕುಳಿತಿದೆ. ಊರಿಗೆ ಹೋಗುವ ಬಸ್ಸು ಮಧ್ಯಾಹ್ನಕ್ಕೊಂದು ಇದೆ, ಸಂಜೆಗೊಂದು ಇದೆ. ಮಧ್ಯಾಹ್ನದ ಬಸ್ಸು ಹತ್ತಿದರೆ ಸೋಲನ್ನಷ್ಟೇ ಹೊತ್ತು ಹೋದಂತಾಗುತ್ತದೆ. ಬುತ್ತಿ ಬಿಚ್ಚಿ, ರೊಟ್ಟಿ ಚಟ್ನಿಯನ್ನು ಹಂಚಿಕೊಂಡು ತಿಂದು, ಗೆರೆಯಾಚೆ ನಿಂತು, ತಮ್ಮನ್ನು ಸೋಲಿಸಿದ ತಂಡ ಮುಂದಿನ ಸುತ್ತಿನಲ್ಲಿ ಹೇಗೆ ಆಡುತ್ತದೆಂಬುದನ್ನು ಕಣ್ಣಿಟ್ಟು ನೋಡಿ, ಸಂಜೆಯ ಬಸ್ಸು ಹಿಡಿದರೆ ಆ ತಂಡದ ಮುಂದಿನ ವರ್ಷದ ಮೊದಲ ಅಭ್ಯಾಸ ಅಂದೇ ಆರಂಭವಾದಂತೆ. ನಿಕಾಲಿ ಸುತ್ತು ಸೋತವನಿಗೆ ಈ ವರ್ಷದ ಬಾಗಿಲನ್ನು ಮುಚ್ಚುತ್ತದೆ. ಮುಂದಿನ ವರ್ಷದ ಬಾಗಿಲಿನ ಕೀಲಿಕೈ ಸೋತವನ ಕೈಯಲ್ಲಿಯೇ ಇರುತ್ತದೆ.

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ‘ನಿಕಾಲಿ ಕುಸ್ತಿ’ ಎಂದರೇನು?
2. ಯೂರೋಪಿಯನ್ ಕಪ್ಪಿನ ಮೊದಲ ಪಂದ್ಯ ಎಲ್ಲಿ, ಯಾವಾಗ ನಡೆಯಿತು?
3. ರೋವರ್ಸ್ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡ ಯಾವುದು?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಒಂದೇ ಸುತ್ತಿನಲ್ಲಿ ಎರಡು ಪಂದ್ಯಗಳನ್ನು ಇಡುವುದರಲ್ಲಿರುವ ವಿವೇಕವೇನು?
2. ನಾಣ್ಯ ಚಿಮ್ಮಿ ನಿರ್ಣಯಿಸುವ ಪದ್ಧತಿಯನ್ನು ಏಕೆ ಕೈಬಿಡಬೇಕಾಯಿತು?
3. ಬೆಂಗಳೂರು ತಂಡದ 2015 ಮತ್ತು 2016ರ ಅನುಭವಗಳನ್ನು ಹೋಲಿಸಿರಿ.

ಇ) ನಿಮ್ಮ ತಾಲ್ಲೂಕಿನ ಕ್ರೀಡಾಕೂಟಕ್ಕೆ 13 ತಂಡಗಳು ಬಂದಿವೆ. ಎಷ್ಟು ತಂಡಗಳಿಗೆ ಬೈ ಕೊಡಬೇಕು? ಒಟ್ಟು ಎಷ್ಟು ಪಂದ್ಯಗಳು ನಡೆಯುತ್ತವೆ? ಲೆಕ್ಕಹಾಕಿ ಪಟ್ಟಿ ತಯಾರಿಸಿರಿ.

ಈ) ‘ಉತ್ತರ ದೊರೆಯುವಂಥ ಸೋಲು ಶಿಕ್ಷಣ’ – ಈ ಮಾತನ್ನು ನಿಮ್ಮ ಸ್ವಂತ ಅನುಭವದ ಉದಾಹರಣೆಯೊಡನೆ ವಿವರಿಸಿ ಒಂದು ಪುಟದಷ್ಟು ಬರೆಯಿರಿ.